ಕಡತದ ಬೆನ್ನಿಗೆ ಟಿಪ್ಪಣಿ: ಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್, ಎಕ್ಸ್‌ಎಫ್‌ಎಸ್

ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿರುವ ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿಗಳನ್ನು ಸ್ಕ್ಯಾನ್ ಮಾಡಿ, ಪುಟದ ರಾಗ, ತಾಳ, ಪದ್ಯದ ಪಠ್ಯವನ್ನು ಆ ಚಿತ್ರದ ಕಡತಕ್ಕೇ ಅಂಟಿಸಿಡುತ್ತೇನೆ. ಲಿನಕ್ಸ್‌ನ ವಿಸ್ತೃತ ಗುಣಲಕ್ಷಣಗಳು (ಕಡತದ ಜೊತೆ ಹೆಸರು, ಮೌಲ್ಯಗಳ ಜೋಡಿಯಾಗಿ ಇಡುವ ಟಿಪ್ಪಣಿಗಳು) ಇರುವುದೇ ಇದಕ್ಕೆ. ಚಿತ್ರವನ್ನು ಮುಟ್ಟದೆ ಟಿಪ್ಪಣಿ ಅದರ ಜೊತೆಗಿರುತ್ತದೆ. ಗುಣಲಕ್ಷಣದ ಹೆಸರಿಗೆ 255 ಬೈಟ್, ಒಂದು ಮೌಲ್ಯಕ್ಕೆ 64 ಕೆಬಿ ಎಂಬುದು ಲಿನಕ್ಸ್‌ನ ತಿರುಳಾದ ಕರ್ನೆಲ್ ಹಾಕಿದ ಗಡಿ. ಆದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್, ಎಕ್ಸ್‌ಎಫ್‌ಎಸ್‌ನಂಥ ಕಡತ ವ್ಯವಸ್ಥೆಗಳು ಅಷ್ಟನ್ನು ಕೊಡಲೇಬೇಕೆಂದಿಲ್ಲ.

ಎಕ್ಸ್‌ಟಿ4ನಲ್ಲಿ ಇಕ್ಕಟ್ಟು ಬೇಗ ಗೊತ್ತಾಗುತ್ತದೆ. ಒಂದು ಕಡತದ ಎಲ್ಲ ಗುಣಲಕ್ಷಣಗಳೂ ಸೇರಿ ಐನೋಡ್‌ನಲ್ಲಿ (ಕಡತದ ವಿವರಗಳಿರುವ ದಾಖಲೆಯಲ್ಲಿ) ಉಳಿದ ಚೂರು ಜಾಗ ಮತ್ತು ಒಂದೇ ಬ್ಲಾಕ್‌ನಲ್ಲಿ ಹಿಡಿಯಬೇಕು. ಬ್ಲಾಕ್ ಎಂದರೆ ಡಿಸ್ಕಿನ ಜಾಗವನ್ನು ಹಂಚುವ ತುಂಡು, ಸಾಮಾನ್ಯವಾಗಿ 4096 ಬೈಟ್. ಇಂಗ್ಲಿಷಿನವರಿಗೆ ಇದು ಧಾರಾಳ, ನಮಗಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕಾಗುಣಿತದ ಚಿಹ್ನೆ, ಒತ್ತಿನ ವಿರಾಮ ಎಲ್ಲಕ್ಕೂ ಲೆಕ್ಕ ಬೇರೆ. ‘ಕಾಸರಗೋಡು’ ಎಂಬ ಒಂದೇ ಪದ 24 ಬೈಟ್ ನುಂಗುತ್ತದೆ. ಮನೆಯ ಹೆಸರನ್ನು ಮಲಯಾಳದಲ್ಲೂ ಬರೆದಿಟ್ಟರೆ ಅದಕ್ಕೂ ಇದೇ ದರ. ಪದ್ಯದ ಜೊತೆ ಅರ್ಥ ಸೇರಿಸಹೊರಟರೆ, ಅರ್ಧ ಖಾಲಿಯಿರುವ ಡಿಸ್ಕ್ ‘ಜಾಗವಿಲ್ಲ’ ಎನ್ನುತ್ತದೆ. ಈ ದೋಷಸಂದೇಶ ನಿಜಕ್ಕೂ ದಾರಿ ತಪ್ಪಿಸುವಂಥದ್ದು. ತುಂಬಿರುವುದು ಡಿಸ್ಕ್ ಅಲ್ಲ, ಆ ಒಂದು ಬ್ಲಾಕ್. 2017ರ 4.13 ಕರ್ನೆಲ್‌ನಿಂದ ದೊಡ್ಡ ಮೌಲ್ಯಕ್ಕೆ ಪ್ರತ್ಯೇಕ ಐನೋಡ್ ಕೊಡುವ ಸೌಲಭ್ಯ ಬಂದಿದೆ. ಅದನ್ನು ನಾವೇ ಚಾಲೂ ಮಾಡಬೇಕು, ಮಾಡಿದ ಡಿಸ್ಕನ್ನು ಹಳೆಯ ಕರ್ನೆಲ್‌ಗಳು ತೆರೆಯುವುದಿಲ್ಲ. ಹಳೆಯ ಕಂಪ್ಯೂಟರುಗಳೇ ಹೆಚ್ಚಿರುವ ನಮ್ಮ ಬಳಗಕ್ಕೆ ಅದು ಹೊಂದಲಿಲ್ಲ.

ಬಿಟಿಆರ್‌ಎಫ್‌ಎಸ್ ಪರವಾಗಿಲ್ಲ. ಅಲ್ಲಿ ಒಂದೊಂದು ಮೌಲ್ಯವೂ ಮೆಟಾಡೇಟಾದ (ಕಡತಗಳ ಬಗೆಗಿನ ಮಾಹಿತಿಯ) ಒಂದು ನೋಡ್‌ನೊಳಗೆ, ಅಂದರೆ ಅದನ್ನಿಡುವ ಒಂದು ತುಂಡಿನೊಳಗೆ, ಕೂರಬೇಕು. ನೋಡ್ ಸಾಮಾನ್ಯವಾಗಿ 16 ಕೆಬಿ, ಅದಕ್ಕಿಂತ ತುಸು ಕಡಿಮೆ ನಮಗೆ ಸಿಗುತ್ತದೆ. ಟಿಪ್ಪಣಿಗೂ ಚೆಕ್‌ಸಮ್ (ಕೆಟ್ಟಿದ್ದರೆ ಪತ್ತೆಹಚ್ಚುವ ಸಂಖ್ಯೆ) ಇರುವುದು ದೊಡ್ಡ ನೆಮ್ಮದಿ.

ನಾನು ನೆಚ್ಚಿಕೊಂಡಿರುವುದು ಎಕ್ಸ್‌ಎಫ್‌ಎಸ್ ಅನ್ನು. ಕರ್ನೆಲ್ ಬಿಡುವ 64 ಕೆಬಿಯನ್ನೂ ಅದು ಪ್ರತಿ ಮೌಲ್ಯಕ್ಕೆ ಕೊಡುತ್ತದೆ. ರಾಗಕ್ಕೊಂದು, ಅರ್ಥಕ್ಕೊಂದು, ಪಾಠಾಂತರಕ್ಕೊಂದು ಎಂದು ಬಿಡಿಬಿಡಿಯಾಗಿ ಇಟ್ಟರೂ ತಕರಾರಿಲ್ಲ. ಹೆಸರುಗಳ ಪಟ್ಟಿಯನ್ನು ಒಟ್ಟಿಗೆ ಓದುವಾಗ ಮಾತ್ರ ಆ ಪಟ್ಟಿಗೂ 64 ಕೆಬಿಯ ಮಿತಿಯಿದೆ. ಹಾಗಾಗಿ ಹೆಸರುಗಳನ್ನು ಚಿಕ್ಕದಾಗಿಡುತ್ತೇನೆ.

ಯಾವುದನ್ನು ಆರಿಸಿದರೂ ನಕಲು ಮಾಡುವಾಗ ಎಚ್ಚರ ಬೇಕು. ಕಡತ ನಕಲಿಸುವ ಆರ್‌ಸಿಂಕ್ ಆದೇಶಕ್ಕೆ ದೊಡ್ಡಕ್ಷರದ ಎಕ್ಸ್ (-X) ಆಯ್ಕೆ ಕೊಡದಿದ್ದರೆ ಚಿತ್ರ ಮಾತ್ರ ಹೋಗುತ್ತದೆ. ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆಯ ಪೆನ್‌ಡ್ರೈವಿನಲ್ಲಂತೂ ಟಿಪ್ಪಣಿಗೆ ಎಡೆಯೇ ಇಲ್ಲ. ಅಂಥ ಪೆನ್‌ಡ್ರೈವಿನಲ್ಲಿ ಕೇಳುವವರಿಗೆ ಗುಣಲಕ್ಷಣಗಳನ್ನೂ ಸೇರಿಸಿಕೊಂಡ ಟಾರ್ ಕಡತವನ್ನೇ (ಹಲವು ಕಡತಗಳ ಒಂದೇ ಕಟ್ಟನ್ನು) ಕೊಡುತ್ತೇನೆ. ಬಿಡಿಸುವಾಗಲೂ ಗುಣಲಕ್ಷಣಗಳನ್ನು ಸೇರಿಸಿಕೊಳ್ಳುವ ಟಾರ್‌ನ ಆಯ್ಕೆ ಹಾಕಬೇಕೆಂದು ಮೊದಲೇ ತಿಳಿಸಿರುತ್ತೇನೆ.