ಸ್ಟೀಮ್, ಸೌನಾ, ಐಸ್ ಡ್ರಮ್ಮು, ಹಂಡೆ ನೀರು: ನಾಕೂ ಮಾಡಿ ನೋಡ್ದೆ

ಜಿಮ್‌ನಲ್ಲಿ ಸ್ಟೀಮ್‌ಗೆ ಅಂತ ತಿಂಗಳಿಗೆ 800 ರೂಪಾಯಿ ಎಕ್ಸ್‌ಟ್ರಾ ಕಟ್ತಿದೀನಿ ಅಂತ ಗೊತ್ತಾದಾಗ ನಮ್ಮವ್ವ ಹೇಳಿದ್ದು, "ಬೆವರು ಸುರಿಸೋಕೆ ದುಡ್ಡು ಯಾಕಪ್ಪ ಕೊಡ್ತೀಯ, ಮಂಡಕ್ಕಿ ಭಟ್ಟಿಗೆ ಹೋಗಿ ಒಲೆ ಮುಂದೆ ನಿಂತ್ಕೋ, ಅವ್ರೇ ನಿಂಗೆ ಕೂಲಿ ಕೊಡ್ತಾರೆ." ದಾವಣಗೆರೇಲಿ ಹುಟ್ಟಿ ಬೆಳೆದೋರಿಗೆ ಈ ಮಾತಿಗೆ ತಿರುಗಿ ಏನ್ ಹೇಳ್ಬೇಕು ಅಂತ ತೋಚಲ್ಲ, ನಂಗೂ ತೋಚ್ಲಿಲ್ಲ.

ನಂದು ಹದಡಿ ರೋಡಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ, ವಯಸ್ಸು 47, ದಿನಕ್ಕೆ ಹತ್ತು ಗಂಟೆ ಕೂತೇ ಇರ್ತೀನಿ, ಕುತ್ತಿಗೆ ನೋವು, ಬಿಪಿ 140/90 ಆಸುಪಾಸು, ಒಂದು ಮಾತ್ರೆ ಶುರುವಾಗಿದೆ. ಮೊಬೈಲಲ್ಲಿ ಎಲ್ಲಿ ನೋಡಿದ್ರೂ ಯಾರೋ ಒಬ್ರು ಸೌನಾದಿಂದ (ಒಣ ಬಿಸಿಯ ಮರದ ರೂಮು) ಎದ್ದು ಐಸ್ ಟಬ್ಬಿಗೆ ಇಳೀತಿರ್ತಾರೆ, ಅದನ್ನ ನೋಡಿ ನೋಡಿ ತಲೆ ಕೆಟ್ಟು ನವೆಂಬರಿಂದ ಏಪ್ರಿಲ್ ತನಕ ಕೈಗೆ ಸಿಕ್ಕಿದ್ದೆಲ್ಲಾ ಮಾಡಿದೆ. ಡಾಕ್ಟ್ರನ್ನ ಕೇಳೇ ಮಾಡಿದ್ದು. ಅವ್ರು "ಬಿಸಿ ಓಕೆ, ತಣ್ಣೀರಿಗೆ ಮಾತ್ರ ಧುಮುಕ್ಬೇಡಿ, ನಿಧಾನಕ್ಕೆ ಇಳೀರಿ" ಅಂದ್ರು.

ಮೊದಲು ಜಿಮ್ ಸ್ಟೀಮು. ಇದನ್ನೇ ನಮ್ಮ ಕಡೆ ಎಲ್ರೂ ಸೌನಾ ಅಂತಾರೆ, ಅಲ್ಲ. ಸ್ಟೀಮ್ ರೂಮಲ್ಲಿ 45 ಡಿಗ್ರಿ ಅಷ್ಟೇ ಇರತ್ತೆ ಆದ್ರೆ ಗಾಳಿ ಪೂರ್ತಿ ಹಬೆ, ಬೆವರು ಆರಲ್ಲ, ಹಂಗಾಗಿ ಇರೋದಕ್ಕಿಂತ ಜಾಸ್ತಿ ಬಿಸಿ ಅನ್ಸತ್ತೆ. ಮೂಗು ಕಟ್ಟಿದ್ರೆ ಇದ್ರಷ್ಟು ಸುಖ ಯಾವುದೂ ಇಲ್ಲ, ನೀಲಗಿರಿ ಎಣ್ಣೆ ನಾಲ್ಕು ಹನಿ ಬಿಟ್ಟಿರ್ತಾರೆ. ಕಷ್ಟ ಏನಂದ್ರೆ ಆರು ಜನ ಒಬ್ರ ಮೈ ಒಬ್ರಿಗೆ ತಾಗೋ ಹಂಗೆ ಕೂತಿರ್ತಾರೆ, ಟೈಲ್ಸ್ ಸಂದಿಯೆಲ್ಲಾ ಕಪ್ಪು ಬೂಸ್ಟು, ಹೇಳಿದ್ರೆ "ನಾಳೆ ಕ್ಲೀನ್ ಮಾಡ್ಸ್ತೀವಿ ಅಣ್ಣ" ಅಂತಾರೆ, ಆ ನಾಳೆ ಮೂರು ತಿಂಗಳಾದ್ರೂ ಬರ್ಲಿಲ್ಲ. ತಣ್ಣೀರಿಗೆ ಅಂತ ಇದ್ದಿದ್ದು ಒಂದು ಶವರ್, ಮೇಲಿನ ಸಿಂಟೆಕ್ಸಿಂದ ಬರೋ ನೀರು. ಸಂಜೆ ಹೊತ್ತು ಅದು ಉಗುರುಬೆಚ್ಚಗೆ ಬರ್ತಿತ್ತು, ಹಂಗಾಗಿ ಬಿಸಿ ಆದ್ಮೇಲೆ ಬಿಸಿ. ಒಂದಿನ 20 ನಿಮಿಷ ಕೂತು ಟಕ್ಕಂತ ಎದ್ದೆ, ಕಣ್ಣು ಕತ್ಲೆ ಬಂದು ಬಾಗಿಲ ಹಿಡಿ ಹಿಡ್ಕೊಂಡು ಹಂಗೇ ಕುಸಿದೆ. ಬಿಸಿಗೆ ಚರ್ಮದ ರಕ್ತನಾಳ ಎಲ್ಲಾ ಹಿಗ್ಗಿ ಬಿಪಿ ಇಳಿದಿರತ್ತೆ, ಅದರ ಮೇಲೆ ನಾನು ಬಿಪಿ ಮಾತ್ರೆ ಬೇರೆ ನುಂಗಿದ್ದೆ. ಅವತ್ತಿಂದ ಏಳೋಕೆ ಮುಂಚೆ ಒಂದು ನಿಮಿಷ ಕಾಲು ಇಳಿಬಿಟ್ಟು ಕೂತು ಏಳ್ತೀನಿ.

ನಿಜವಾದ ಸೌನಾ ಸಿಕ್ಕಿದ್ದು ಬೆಂಗಳೂರಲ್ಲಿ, ಭಾಮೈದನ ಮನೆಗೆ ಹೋದಾಗ ಎರಡು ಸಲ. ಒಂದು ಸಲಕ್ಕೆ 1,500. ಮರದ ರೂಮು, ಗೋಡೆ ಮೇಲಿನ ಥರ್ಮಾಮೀಟರ್ 85 ತೋರಿಸ್ತಿತ್ತು, ಒಣ ಬಿಸಿ, ನಮ್ಮ ಏಪ್ರಿಲ್ ಮಧ್ಯಾಹ್ನ ಬೈಕಲ್ಲಿ ಹೋಗುವಾಗ ಮುಖಕ್ಕೆ ಹೊಡಿಯತ್ತಲ್ಲ ಅದೇ ಗಾಳಿ ಆದ್ರೆ ನಾಕು ಪಟ್ಟು. ಆಶ್ಚರ್ಯ ಅಂದ್ರೆ 45 ಡಿಗ್ರಿ ಸ್ಟೀಮಿಗಿಂತ ಈ 85ರಲ್ಲಿ ಉಸಿರಾಟ ಸಲೀಸು, ಬೆವರು ಬಂದಂಗೆ ಆರ್ತಾ ಹೋಗತ್ತೆ. ಬೆಂಚು ಎರಡು ಹಂತ, ಮೇಲಿನದ್ರಲ್ಲಿ ಬಿಸಿ ಜಾಸ್ತಿ, ಫಸ್ಟ್ ಟೈಮ್ ಹೋಗೋರು ಕೆಳಗೇ ಕೂರಿ. ಕಾದ ಕಲ್ಲಿಗೆ ಒಂದು ಸೌಟು ನೀರು ಹಾಕಿದ್ರೆ ಭುಸ್ಸಂತ ಹಬೆ ಏಳತ್ತೆ, ಫಿನ್ಲೆಂಡ್‌ನೋರು ಅದಕ್ಕೆ ಲೌಲು ಅಂತ ಏನೋ ಹೆಸರೇ ಇಟ್ಟಿದಾರೆ. ಅಲ್ಲಿ ಜನಸಂಖ್ಯೆ 55 ಲಕ್ಷ, ಸೌನಾ ಸುಮಾರು 30 ಲಕ್ಷ, 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಹೊರಗೆ ಬಂದ್ರೆ ಚಿಲ್ಲರ್ ಹಾಕಿದ ಟಬ್ಬು, 12 ಡಿಗ್ರಿ. ಸೊಂಟದ ತನಕ ಧೈರ್ಯ, ಎದೆ ಮುಳುಗಿದ ತಕ್ಷಣ ನಾನು ಬೇಡ ಅಂದ್ರೂ ಉಸಿರು ತಾನೇ ಒಳಗೆ ಎಳ್ಕೊಳ್ತು, ಹಾ ಹಾ ಅಂತ ನಾಯಿ ಥರ. ಇದನ್ನೇ ಕೋಲ್ಡ್ ಶಾಕ್ ಅನ್ನೋದು, ತಲೆ ನೀರೊಳಗಿದ್ದಾಗ ಹಿಂಗಾದ್ರೆ ನೀರು ಕುಡೀತೀವಿ, ಅದಕ್ಕೇ ಧುಮುಕ್ಬೇಡಿ ಅನ್ನೋದು. ಒಂದೆರಡು ನಿಮಿಷ ನಿಧಾನಕ್ಕೆ ಉಸಿರು ಬಿಡ್ತಾ ತಡ್ಕೊಂಡ್ರೆ ತಾನೇ ಇಳಿಯತ್ತೆ. ಎದ್ದು ಬಂದ್ಮೇಲೆ ಒಂದರ್ಧ ಗಂಟೆ ಮೈಯೆಲ್ಲಾ ಜುಮ್ಮಂತ, ತಲೆ ತೊಳೆದಿಟ್ಟಂಗೆ. ಸುಳ್ಳು ಹೇಳಲ್ಲ, ಅಷ್ಟು ಹಗುರ ಯಾವತ್ತೂ ಅನ್ಸಿರ್ಲಿಲ್ಲ.

ಆ ಮಜಾ ಮನೇಲೇ ಬೇಕು ಅಂತ ಊರಿಗೆ ಬಂದು ಮಾಡಿದ್ದೇ ಮೂರನೇದು. ಆನ್‌ಲೈನಲ್ಲಿ ಮೂರು ಸಾವಿರಕ್ಕೆ ಒಂದು ಸ್ಟೀಮ್ ಟೆಂಟು, ಒಳಗೆ ಕೂತು ಜಿಪ್ ಹಾಕ್ಕೊಂಡ್ರೆ ತಲೆ ಮಾತ್ರ ಹೊರಗೆ, ನಮ್ಮ ಮನೆಯವ್ಳು ನೋಡಿ "ರೀ, ಥೇಟ್ ಇಡ್ಲಿ ಪಾತ್ರೆ" ಅಂದ್ಳು. ಪೈಪಿನ ಬಾಯಿ ಮೀನಖಂಡದ ಹತ್ರ ಇತ್ತು, ಎರಡನೇ ದಿನವೇ ಸುಟ್ಕೊಂಡೆ, ರೂಪಾಯಿ ಅಗಲ ಬೊಬ್ಬೆ. ಟೆಂಟಿನ ಕಥೆ ಇಷ್ಟೇ ಸಾಕು.

ಡ್ರಮ್ಮಿನ ಕಥೆ ದೊಡ್ದು. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ತಂದು ಮೇಲಿನ ಮುಚ್ಚಳ ಕುಯ್ಸಿ ಹಿತ್ತಲಲ್ಲಿಟ್ಟೆ. ಮೊದಲ ದಿನ ಕಂಠಮಟ್ಟ ನೀರು ತುಂಬಿ ಇಳಿದೆ, ಅರ್ಧ ನೀರು ಐಸ್ ಸಮೇತ ಹಿತ್ತಲ ಪಾಲಾಯ್ತು. 130 ಲೀಟರ್ ಹಾಕಿದ್ರೆ ನನ್ನಂಥೋನು ಇಳಿದಾಗ ಕುತ್ತಿಗೆ ತನಕ ಬರತ್ತೆ. ಈಗ ಲೆಕ್ಕ ನೋಡಿ. ಜನವರಿ ಬೆಳಿಗ್ಗೆ ನಮ್ಮ ಸಂಪ್ ನೀರು 23 ಡಿಗ್ರಿ ಇತ್ತು, ಅದನ್ನ 15ಕ್ಕೆ ಇಳಿಸ್ಬೇಕಂದ್ರೆ ಕಮ್ಮಿ ಅಂದ್ರೂ 11 ಕೆಜಿ ಐಸ್ ಬೇಕು. ಏಪ್ರಿಲಲ್ಲಿ ಅದೇ ನೀರು 28, ಆಗ 18 ಕೆಜಿ, ದಾರೀಲಿ ಕರಗೋದು ಬೇರೆ. ಐಸ್ ಫ್ಯಾಕ್ಟರಿಯಿಂದ ಗಡ್ಡೆ ತಂದು ಗೋಣಿಚೀಲದಲ್ಲಿ ಹಾಕಿ ಸುತ್ತಿಗೇಲಿ ಒಡೆದು ಸುರೀಬೇಕು, ಒಂದು ಸಲಕ್ಕೆ ನೂರು ನೂರಿಪ್ಪತ್ತು ರೂಪಾಯಿ. ಫ್ಯಾಕ್ಟರಿ ಹುಡುಗ ಮೊದಲ ದಿನ "ಮೀನಿಗಾ ಅಣ್ಣ, ಜ್ಯೂಸಿಗಾ?" ಅಂದ. ನಂಗೆ ಅಂತ ಹೇಳೋಕೆ ನಾಚಿಕೆ ಆಗಿ ಜ್ಯೂಸಿಗೆ ಅಂದೆ. ಫಿನ್ಲೆಂಡ್‌ನೋರಿಗೆ ಚಳಿ ಪುಕ್ಕಟೆ ಬಿಸಿಗೆ ಸೌದೆ ಕರೆಂಟು ಸುಡ್ಬೇಕು, ನಮಗೆ ಬಿಸಿ ಪುಕ್ಕಟೆ ಚಳೀನ ಗೋಣಿಚೀಲದಲ್ಲಿ ಹೊತ್ಕೊಂಡು ಬರ್ಬೇಕು. ಇನ್ನೊಂದು, ಡ್ರಮ್ಮಿಂದ ಹತ್ತಿ ಬರೋದೇ ಡೇಂಜರು, ಕಾಲು ಜೋಮು ಹಿಡಿದಿರತ್ತೆ, ಒಂದ್ಸಲ ಡ್ರಮ್ಮೇ ವಾಲ್ತು. ಒಬ್ರೇ ಇದ್ದಾಗ ದಯವಿಟ್ಟು ಮಾಡ್ಬೇಡಿ. ಡ್ರಿಂಕ್ಸ್ ಮಾಡಿದ ದಿನ ಬಿಸೀನೂ ಬೇಡ ಐಸೂ ಬೇಡ.

ನಾಲ್ಕನೇದು ಚನ್ನಗಿರಿ ಕಡೆ ನಮ್ಮ ಚಿಕ್ಕಪ್ಪನ ತೋಟದ ಮನೆ. ಬಚ್ಚಲಲ್ಲಿ ತಾಮ್ರದ ಹಂಡೆ, ಅಡಿಕೆ ಸಿಪ್ಪೆ ಉರಿ, ಮೈಗೆ ಎಣ್ಣೆ ಹಚ್ಚಿ ಚಿಕ್ಕಮ್ಮ "ಇನ್ನೊಂದ್ ತಂಬಿಗೆ ಹಾಕ್ಕೋ, ಇನ್ನೊಂದ್ ಹಾಕ್ಕೋ" ಅಂತ ಬಾಗಿಲಾಚೆ ಇಂದ ಕೂಗ್ತಿರ್ತಾಳೆ, ಆಮೇಲೆ ಕಂಬಳಿ ಹೊದ್ದು ಅರ್ಧ ಗಂಟೆ ಬೆವರೋದು. ಬೆವರು ಆರಿದ್ಮೇಲೆ ಬಾವಿಗೆ ಇಳಿದೆ. ಬಾವಿ ನೀರು ಐಸಿನ ಮುಂದೆ ಏನೂ ಅಲ್ಲ, ಆ ಜುಮ್ ಬರ್ಲಿಲ್ಲ. ಆದ್ರೆ ಅವತ್ತು ರಾತ್ರಿ ಬಂದಷ್ಟು ನಿದ್ದೆ ಬೆಂಗಳೂರಿನ 1,500ಕ್ಕೂ ಬಂದಿರ್ಲಿಲ್ಲ.

ಆರೋಗ್ಯಕ್ಕೆ ಯಾವ್ದು ಅಂದ್ರೆ ನನ್ನ ವೋಟು ಬಿಸಿಗೆ. ಯಾಕಂದ್ರೆ ಗಟ್ಟಿ ಆಧಾರ ಇರೋದು ಆ ಕಡೆ. ಫಿನ್ಲೆಂಡಲ್ಲಿ 2,315 ಜನ ಮಧ್ಯವಯಸ್ಸಿನ ಗಂಡಸರನ್ನ ಸುಮಾರು 20 ವರ್ಷ ಗಮನಿಸಿ ಯಾರಿ ಲೌಕ್ಕನೆನ್ ತಂಡದೋರು 2015ರಲ್ಲಿ ಬರೆದ್ರು, ವಾರಕ್ಕೆ 4ರಿಂದ 7 ಸಲ ಸೌನಾ ಮಾಡೋರಲ್ಲಿ ಹಾರ್ಟ್ ದಿಢೀರ್ ನಿಂತು ಆಗೋ ಸಾವು ವಾರಕ್ಕೊಂದು ಸಲದೋರಿಗಿಂತ 63% ಕಮ್ಮಿ. ಆರೋಗ್ಯ ಚೆನ್ನಾಗಿರೋರೇ ಜಾಸ್ತಿ ಸೌನಾಗೆ ಹೋಗ್ತಾರೇನೋ ಅನ್ನೋ ಅನುಮಾನ ಇದ್ದೇ ಇರತ್ತೆ. ಅದೂ ಒಣ ಸೌನಾದ ಮಾತು, ನನ್ನ ಇಡ್ಲಿ ಪಾತ್ರೆಗೆ ಆ ನಂಬರ್ ಅಂಟಿಸೋಕಾಗಲ್ಲ. ಭಟ್ಟೀಲಿ ದಿನಾ ಬೇಯೋರಿಗೆ ಈ ಲಾಭ ಸಿಗಲ್ಲ ಅನ್ನೋದನ್ನ ಅವ್ವನಿಗೆ ಹೇಳ್ಬೇಕಿತ್ತು, ಅಲ್ಲಿ ಹೊಗೆ ಇದೆ, ಸಾಕು ಅಂದಾಗ ಎದ್ದು ಬರೋ ಹಂಗಿಲ್ಲ.

ತಣ್ಣೀರಿನದ್ದು ಸಣ್ಣ ಸಣ್ಣ ಸ್ಟಡಿ. ವಾರಕ್ಕೆ 11 ನಿಮಿಷ ತಣ್ಣೀರು 57 ನಿಮಿಷ ಬಿಸಿ ಅಂತ ಎಲ್ರೂ ಹೇಳ್ತಾರಲ್ಲ, ಅದು 2021ರಲ್ಲಿ ಡೆನ್ಮಾರ್ಕಿನ ಸುಸಾನ್ನಾ ಸೋಬರ್ಗ್ ನೋಡಿದ ಬೆರಳೆಣಿಕೆ ಈಜುಗಾರರು ಮೊದಲಿಂದ ಮಾಡ್ತಿದ್ದ ಲೆಕ್ಕ, ಡಾಕ್ಟರ್ ಚೀಟಿ ಅಲ್ಲ. ನೆದರ್ಲೆಂಡ್ಸಲ್ಲಿ 3,000 ಜನರ ಮೇಲೆ ಮಾಡಿದ್ದು ಸ್ವಲ್ಪ ದೊಡ್ದು, ಬಿಸಿನೀರು ಸ್ನಾನದ ಕೊನೆಗೆ 30ರಿಂದ 90 ಸೆಕೆಂಡ್ ತಣ್ಣೀರು ಬಿಟ್ಕೊಂಡೋರು ಹುಷಾರಿಲ್ಲ ಅಂತ ಕೆಲಸಕ್ಕೆ ರಜಾ ಹಾಕಿದ್ದು 29% ಕಮ್ಮಿ, ಆದ್ರೆ ಹುಷಾರಿಲ್ಲದ ದಿನಗಳು ಕಮ್ಮಿ ಆಗಿರ್ಲಿಲ್ಲ! 30 ಸೆಕೆಂಡಿಗೂ 90ಕ್ಕೂ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಜಿಮ್ ಹುಡುಗ್ರಿಗೆ ಒಂದು ಮಾತು, ವೇಟ್ ಎತ್ತಿದ ತಕ್ಷಣ ಐಸಿಗೆ ಇಳೀಬೇಡಿ, ನೋವು ಕಮ್ಮಿ ಆಗತ್ತೆ ನಿಜ, ಆದ್ರೆ ಮಸಲ್ ಬೆಳೆಯೋದೂ ಕಮ್ಮಿ ಆಗತ್ತೆ ಅಂತ 2015ರ ಇನ್ನೊಂದು ಅಧ್ಯಯನ, 12 ವಾರ ನೋಡಿದ್ರು. ಹಾರ್ಟ್ ತೊಂದ್ರೆ ಇರೋರು, ಬಸುರಿಯರು ಡಾಕ್ಟ್ರನ್ನ ಕೇಳ್ದೆ ಎರಡಕ್ಕೂ ಕೈ ಹಾಕ್ಬೇಡಿ, ಬಿಸಿಗೆ ಹಿಗ್ಗಿದ ರಕ್ತನಾಳ ತಣ್ಣೀರಿಗೆ ಒಮ್ಮೆಲೇ ಕುಗ್ಗಿದ್ರೆ ಬಿಪಿ ಸರ್ರಂತ ಏರತ್ತೆ.

ಈಗ ನಂದು ಏನ್ ನಡೀತಿದೆ ಅಂದ್ರೆ ವಾರಕ್ಕೆ ಮೂರು ದಿನ ಜಿಮ್ ಸ್ಟೀಮು (ಬೇರೆ ಜಿಮ್ಮು, ಬೂಸ್ಟಿಲ್ಲ), ಹತ್ತತ್ತು ನಿಮಿಷ ಎರಡು ಸಲ, ಬೆಳಿಗ್ಗೆ ಆರಕ್ಕೇ ಹೋಗ್ತೀನಿ, ಆಗ ಟ್ಯಾಂಕ್ ನೀರು ರಾತ್ರಿ ಪೂರ್ತಿ ಆರಿರತ್ತೆ, ನಡುವೆ ಒಂದು ನಿಮಿಷ ಶವರ್. ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ. ಕುತ್ತಿಗೆ ಬಿಗಿತ ಎಷ್ಟೋ ಸಡ್ಲ ಆಗಿದೆ, ಬಿಪಿ ಮಾತ್ರೆ ಹಂಗೇ ಇದೆ. ಟೆಂಟನ್ನ ಭಾಮೈದನಿಗೆ ದಾಟಿಸಿದೆ. ಡ್ರಮ್ಮನ್ನ ಮುಂದಿನ ಡಿಸೆಂಬರಿಗೆ ಅಂತ ಇಟ್ಕೊಂಡಿದ್ದೆ, ಮೇ ಬಂತು, ನಲ್ಲಿ ನೀರು ದಿನ ಬಿಟ್ಟು ದಿನ ಆಯ್ತು, ಮನೆಯವ್ಳು ಅದನ್ನ ತೊಳೆದು ಅಡುಗೆಮನೆ ಬಾಗಿಲಲ್ಲಿಟ್ಟು ನೀರು ತುಂಬ್ಸಿ ಮೇಲೆ ತಟ್ಟೆ ಮುಚ್ಚಿದಾಳೆ. ಕೇಳೋ ಧೈರ್ಯ ನಂಗಿಲ್ಲ.