ಟಾಕಾಹೆ ಕೇಳಿದರೆ ಜಕ್ಕೂರು ಕೆರೆ ಕೋಳಿ ಕೊಟ್ಟರು!

ಜಯನಗರ 4ನೇ ಬ್ಲಾಕಿನ ಒಂದು ಅಂಗಡಿಯಲ್ಲಿ ಮಗಳಿಗೆ ಅಂತ ತಂದ ಕಾರ್ಡ್ ಡಬ್ಬ ಇದು. ಹೆಸರು 'ಹಾರದ ಹಕ್ಕಿಗಳು'. 20 ಕಾರ್ಡು, 399 ರೂಪಾಯಿ. ರಟ್ಟು ಗಟ್ಟಿ ಇದೆ, ಮೇಲೆ ಕಾಫಿ ಚೆಲ್ಲಿದರೂ ಒರೆಸಿದ ಕೂಡಲೇ ಹೋಯಿತು. ಕಿವಿ ಹಕ್ಕಿಯ ಕಾರ್ಡಂತೂ ಬಹಳ ಚೆನ್ನಾಗಿದೆ. ಅದರ ಮೂಗಿನ ಹೊಳ್ಳೆ ಇರುವುದು ಕೊಕ್ಕಿನ ತುದಿಯಲ್ಲಿ, ರಾತ್ರಿ ಹೊತ್ತು ಮಣ್ಣಿಗೆ ಕೊಕ್ಕು ಚುಚ್ಚಿ ವಾಸನೆ ಹಿಡಿದು ಎರೆಹುಳ ಹುಡುಕುತ್ತದೆ ಅನ್ನುವುದು ಚಿತ್ರದಲ್ಲೇ ಗೊತ್ತಾಗುತ್ತದೆ.

ತಕರಾರು ಟಾಕಾಹೆ ಅನ್ನುವ ಹಾರಲಾರದ ಹಕ್ಕಿಯ ಕಾರ್ಡಿನದು. ಕೈಗೆತ್ತಿಕೊಂಡವಳೇ ಮಗಳು "ಅಪ್ಪಾ, ಇದು ಜಕ್ಕೂರು ಕೆರೆ ಕೋಳಿ ಅಲ್ವಾ?" ಅಂದಳು. ಹೌದು, ಅಲ್ಲಿ ಜೊಂಡಿನ ನಡುವೆ ಓಡಾಡುವ ಅದೇ ನೀಲಿ ನೀರುಕೋಳಿ! ಸಣಕಲು ಉದ್ದ ಕಾಲು, ಬೂದು ತಲೆ, ಸಾಲದ್ದಕ್ಕೆ ರೆಕ್ಕೆ ಬಿಚ್ಚಿ ಆರಾಮಾಗಿ ಹಾರುತ್ತಿದೆ. ಎರಡೂ ನೆಂಟರೇ ಬಿಡಿ, ಕೆಂಪು ಕೊಕ್ಕು ನೀಲಿ ಮೈ ನೋಡಿ ಯಾರಾದರೂ ಮೋಸ ಹೋಗಬಹುದು. ಆದರೆ ಟಾಕಾಹೆ ಸುಮಾರು 3 ಕೆಜಿ ತೂಗುವ ಡುಮ್ಮ, ಕಾಲೂ ದಪ್ಪ, ಕೊಕ್ಕೂ ದಪ್ಪ.

ಹಿಂದೆ ತಿರುಗಿಸಿದರೆ "ಇದು ಸ್ಥಳೀಯ ಪಕ್ಷಿ. ವಾಸ: ಕಾಡು. ಆಹಾರ: ಮೀನು." ಅಷ್ಟೇ. ಯಾವ ಸ್ಥಳ ಸ್ವಾಮಿ, ಜಯನಗರವಾ? ಇದು ನ್ಯೂಜಿಲೆಂಡಿನ ಹಕ್ಕಿ, ಬೆಟ್ಟದ ಮೇಲಿನ ಹುಲ್ಲುಗಾವಲು ಇದರ ಮನೆ. ಅಲ್ಲಿ ಟಸಕ್ ಅಂತ ಪೊದೆ ಪೊದೆಯಾಗಿ ಬೆಳೆಯುವ ಹುಲ್ಲಿದೆ, ಅದರ ಗರಿ ಕಿತ್ತು, ಒಂದು ಕಾಲಲ್ಲಿ ಹಿಡಿದುಕೊಂಡು, ಬುಡದ ಎಳೆ ಭಾಗ ಮಾತ್ರ ತಿಂದು ಮಿಕ್ಕದ್ದನ್ನು ಬಿಸಾಕುತ್ತದೆ, ನಮ್ಮ ಮನೆಯಲ್ಲಿ ಬ್ರೆಡ್ಡಿನ ಅಂಚು ಬಿಡುವವರ ಹಾಗೆ. ಹಿಮ ಬಿದ್ದಾಗ ಕೆಳಗಿನ ಕಾಡಿಗಿಳಿದು ಜರೀಗಿಡದ ಗೆಡ್ಡೆ ಕೆದಕುತ್ತದೆ. ಹಾಗಾಗಿ ಕಾಡು ಪೂರ್ತಿ ಸುಳ್ಳಲ್ಲ. ಮೀನು ಎಲ್ಲಿಂದ ಬಂತೋ!

1898ರ ನಂತರ ಕಣ್ಣಿಗೇ ಬೀಳದೆ, ಇನ್ನಿಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದ ಈ ಹಕ್ಕಿಯನ್ನು 1948ರಲ್ಲಿ ಮರ್ಚಿಸನ್ ಬೆಟ್ಟಗಳಲ್ಲಿ ಜೆಫ್ರಿ ಆರ್ಬೆಲ್ ಅನ್ನುವ ಡಾಕ್ಟರು ಮತ್ತೆ ಕಂಡುಹಿಡಿದರು. ಮಕ್ಕಳು ಬಾಯಿ ಬಿಟ್ಟು ಕೇಳುವ ಕಥೆ, ಕಾರ್ಡಿನಲ್ಲಿ ಅದರ ಸುದ್ದಿಯೇ ಇಲ್ಲ.

5ಕ್ಕೆ 3 ಕೊಡುತ್ತೇನೆ, ಅದೂ ಕಿವಿ ಕಾರ್ಡಿಗೆ. ವಾಪಸ್ ಕೊಡಲು ಹೋದರೆ ಸೀಲ್ ಒಡೆದಿದೆ, ಆಗಲ್ಲ ಅಂದರು. ಈಗ ಮಗಳು ಸ್ಕೆಚ್ ಪೆನ್ನಿನಲ್ಲಿ ಕಾಲು ದಪ್ಪ ಮಾಡಿ, ಮೀನು ಹೊಡೆದುಹಾಕಿ ಹುಲ್ಲು ಅಂತ ಬರೆದಿದ್ದಾಳೆ. ರೆಕ್ಕೆ ಏನು ಮಾಡೋದು ಅಂತ ಇನ್ನೂ ಯೋಚನೆ ನಡೆದಿದೆ.