ಅತ್ತೆಗೆ ಲಕ್ವ ಹೊಡೆದ ಮೇಲೆ: ರಿಹ್ಯಾಬ್ ಸೆಂಟರ್, ಆಸ್ಪತ್ರೆ ಒಪಿಡಿ, ಮನೆ ಫಿಸಿಯೋ – ಯಾವುದು ವಾಸಿ?

ಮನೆಗೆ ಬರುವ ಫಿಸಿಯೋನೇ ವಾಸಿ. ನಮ್ಮಂಥ ಮನೆಗಂತೂ ಅದೇ ಸರಿ. ದುಡ್ಡು ಉಳಿಯುತ್ತದೆ ಅನ್ನುವುದೊಂದೇ ಕಾರಣ ಅಲ್ಲ. ಲಕ್ಷಗಟ್ಟಲೆ ಸುರಿದು ಸೆಂಟರಿನಲ್ಲಿ ನಡೆಯೋದು ಕಲಿತ ನಮ್ಮತ್ತೆ, ಮನೆಗೆ ಬಂದ ದಿನ ಬಚ್ಚಲುಮನೆಯ ಹೊಸ್ತಿಲು ದಾಟಲಿಲ್ಲ. ಆ ಕಥೆಗೆ ಬರ್ತೀನಿ.

ಮೊದಲು ನಮ್ಮ ಪರಿಸ್ಥಿತಿ ಹೇಳಿಬಿಡುತ್ತೇನೆ, ನಿಮ್ಮದಕ್ಕೆ ಹೊಂದುತ್ತಾ ನೋಡಿಕೊಳ್ಳಿ. ಅತ್ತೆಗೆ ವಯಸ್ಸು 68. ಬಿಪಿ ಹಳೇದು. ಮಿದುಳಿನ ಎಡಭಾಗಕ್ಕೆ ಹೋಗುವ ರಕ್ತನಾಳ ಕಟ್ಟಿಕೊಂಡು ಬಲಗೈ, ಬಲಗಾಲು ಬಿದ್ದುಹೋಯಿತು. ಜೊತೆಗೆ ಮಾತೂ ಹೋಯಿತು. ನಾವಿರುವುದು ಬೆಂಗಳೂರಿನ ಗಿರಿನಗರದಲ್ಲಿ, ಬಾಡಿಗೆ ಮನೆ, ಮೊದಲ ಮಹಡಿ, ಲಿಫ್ಟ್ ಇಲ್ಲ. ನನ್ನದು ಮನೆಯಿಂದಲೇ ಕೆಲಸ. ನಮ್ಮ ಮನೆಯವರು ಬೆಳಿಗ್ಗೆ ಎಲೆಕ್ಟ್ರಾನಿಕ್ ಸಿಟಿಗೆ ಹೋದರೆ ಬರೋದು ರಾತ್ರಿಗೇ. ಹಗಲು ಮನೆಯಲ್ಲಿ ಒಬ್ಬರಾದರೂ ಇರುತ್ತೇವೆ ಅನ್ನುವುದು ಇಲ್ಲಿ ಮುಖ್ಯ. ನಿಮ್ಮಲ್ಲಿ ಹಾಗಿಲ್ಲದಿದ್ದರೆ ನನ್ನ ಆಯ್ಕೆ ನಿಮಗೆ ಹೊಂದುವುದಿಲ್ಲ.

ರಿಹ್ಯಾಬ್ ಸೆಂಟರ್, ಅಂದರೆ ರೋಗಿಯನ್ನು ಅಲ್ಲೇ ಇರಿಸಿಕೊಂಡು ಆರೈಕೆ, ವ್ಯಾಯಾಮ ಮಾಡಿಸುವ ಜಾಗದಿಂದ ಶುರು ಮಾಡೋಣ, ನಾವು ಮೊದಲು ಹೋಗಿದ್ದೂ ಅಲ್ಲಿಗೇ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದಾಗ ಅತ್ತೆಗೆ ಕೂರಲೂ ಆಗುತ್ತಿರಲಿಲ್ಲ. ಆ ಹೊತ್ತಿಗೆ ಸೆಂಟರ್ ಬೇಕೇ ಬೇಕಾಗಿತ್ತು, ಇಲ್ಲ ಅನ್ನೋಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ರಾತ್ರಿಯಿಡೀ ಅದನ್ನು ನಾವಿಬ್ಬರೇ ಮಾಡುವುದು ಹೇಗೆ? ನುಂಗುವುದೂ ಕಷ್ಟವಿತ್ತು. ನೀರು ಕುಡಿಸಿದರೆ ಕೆಮ್ಮು. ಗಂಜಿಗಿಂತ ಬರೀ ನೀರೇ ಶ್ವಾಸನಾಳಕ್ಕೆ ಇಳಿಯುವ ಅಪಾಯ ಜಾಸ್ತಿ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ. ಸ್ಪೀಚ್ ಥೆರಪಿಸ್ಟ್ ಬಂದು, ಕುಡಿಯುವುದನ್ನೆಲ್ಲ ಗಟ್ಟಿ ಮಾಡಿಸಿ, ನೆಟ್ಟಗೆ ಕೂರಿಸಿ, ಗದ್ದ ತುಸು ಎದೆಯ ಕಡೆಗೆ ಬಗ್ಗಿಸಿ, ಒಂದೊಂದೇ ಚಮಚ ಕೊಡೋದು ಹೇಳಿಕೊಟ್ಟರು. ಈ ವಿಷಯದಲ್ಲಿ ಸೆಂಟರಿಗೆ ಪೂರ್ತಿ ಮಾರ್ಕ್ಸು.

ಖರ್ಚು? ದಿನಕ್ಕೆ 5,000 ರೂಪಾಯಿ. ಡಯಾಪರ್, ಮಾತ್ರೆ, ಸ್ಪೀಚ್ ಥೆರಪಿ ಎಲ್ಲ ಬೇರೆ ಬಿಲ್ಲು. ಇನ್ಶೂರೆನ್ಸಿನವರು ಇದು ಆಸ್ಪತ್ರೆ ಲೆಕ್ಕಕ್ಕೆ ಬರೋದಿಲ್ಲ ಅಂತ ಕೈ ಎತ್ತಿದರು. ಸೇರಿಸುವ ಮುಂಚೆಯೇ ಲಿಖಿತವಾಗಿ ಕೇಳಿಕೊಳ್ಳಿ.

ಅಲ್ಲಿ ಒಂದು ರೋಬಾಟ್ ಇತ್ತು. ಕೈಯನ್ನು ಅದರೊಳಗೆ ಇಟ್ಟರೆ ಪರದೆಯ ಮೇಲೆ ಆಟ ಆಡಿಸುತ್ತದೆ. ಅದಕ್ಕೂ ಬೇರೆ ಚಾರ್ಜು. ಬ್ರಿಟನ್ನಿನಲ್ಲಿ 770 ಜನರ ಮೇಲೆ ರಾಟಲ್ಸ್ ಅನ್ನುವ ಪರೀಕ್ಷೆ ನಡೆದು, 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂದಿದೆ. ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ರೋಬಾಟ್ ಜೊತೆ ಅಭ್ಯಾಸ ಮಾಡಿದವರ ಕೈ ಹೆಚ್ಚೇನೂ ಕೆಲಸಕ್ಕೆ ಬಂದಿರಲಿಲ್ಲ. ನಮ್ಮ ಮನೆಯವರು ಅದನ್ನು ತೋರಿಸಿದ ಮೇಲೆ ರೋಬಾಟ್ ಮಾತು ಬಿಟ್ಟೆವು.

ಇನ್ನು ಬಚ್ಚಲುಮನೆ. ಸೆಂಟರಿನಲ್ಲಿ ಎಲ್ಲ ಸಮತಟ್ಟು ನೆಲ. ನಡೆಯುವ ಕಡೆಯೆಲ್ಲ ಎರಡೂ ಬದಿಗೆ ಸ್ಟೀಲ್ ಕಂಬಿ. ಕಮೋಡ್ ಎತ್ತರಕ್ಕಿದೆ, ಪಕ್ಕದಲ್ಲಿ ಹಿಡಿಕೆ ಇದೆ. ಅತ್ತೆ ಅಲ್ಲಿ ಕಂಬಿ ಹಿಡಿದು ನಡೆದರು. ವಿಡಿಯೋ ನೆಂಟರಿಗೆಲ್ಲ ಹೋಯಿತು. ನಮ್ಮ ಮನೆಯಲ್ಲೋ ಬಚ್ಚಲಿಗೆ ನಾಲ್ಕು ಇಂಚಿನ ಹೊಸ್ತಿಲು, ಅದರಾಚೆ ನೆಲ ತಗ್ಗು. ಒಳಗೆ ಹೋಗುವಾಗ ಹಿಡಿಯಲು ಗೋಡೆ ಇರುವುದು ಬಲಗಡೆ ಮಾತ್ರ. ಅವರಿಗೆ ಏಳದ ಕೈಯೂ ಅದೇ. ವಾಪಸ್ ಬರುವಾಗ ಗೋಡೆ ಎಡಕ್ಕೆ ಸಿಗುತ್ತದೆ, ಸರಿ. ಆದರೆ ಮೊದಲು ಒಳಗೆ ಹೋಗಬೇಕಲ್ಲ? ಅತ್ತೆ ಹೊಸ್ತಿಲ ಮುಂದೆ ನಿಂತರು. ಕಾಲು ಎತ್ತಲೇ ಇಲ್ಲ. ಮತ್ತೆ ಡಯಾಪರ್ ಶುರುವಾಯಿತು.

ಸೆಂಟರಿನವರನ್ನು ಫೋನಿನಲ್ಲಿ ಕೇಳಿದರೆ ‘ಇನ್ನೊಂದು ತಿಂಗಳು ಸೇರಿಸಿ ಮೇಡಂ’ ಅಂದರು. ಇಷ್ಟು ದಿನದಲ್ಲಿ ನಿಮ್ಮ ಬಚ್ಚಲು ಹೇಗಿದೆ ಅಂತ ಒಬ್ಬರೂ ಕೇಳಿರಲಿಲ್ಲ. ಒಂದು ಫೋಟೋ ಕೇಳಿದ್ದರೆ ಸಾಕಿತ್ತು.

ಆಮೇಲೆ ಒಪಿಡಿ. ಬೆಂಗಳೂರಲ್ಲಿ ಇದ್ದುಕೊಂಡು ನಿಮ್ಹಾನ್ಸ್‌ಗೆ ಹೋಗದಿದ್ದರೆ ಹೇಗೆ ಅಲ್ವಾ? ನರರೋಗಿಗಳ ಪುನಶ್ಚೇತನಕ್ಕೇ ಅಲ್ಲೊಂದು ವಿಭಾಗ ಇದೆ. ಡಾಕ್ಟರು, ಫಿಸಿಯೋ, ಆಕ್ಯುಪೇಷನಲ್ ಥೆರಪಿ (ಉಡುವುದು, ಉಣ್ಣುವುದು ಇಂಥ ದಿನದ ಕೆಲಸ ಮತ್ತೆ ಕಲಿಸುವುದು), ಸ್ಪೀಚ್ ಎಲ್ಲ ಒಂದೇ ಆವರಣದಲ್ಲಿ ಸಿಗುತ್ತವೆ. ಖರ್ಚು ಖಾಸಗಿಯ ಮುಂದೆ ಏನೂ ಅಲ್ಲ. ಕೋರಮಂಗಲದ ಕಡೆಯವರಿಗೆ ಸೇಂಟ್ ಜಾನ್ಸ್‌ನಲ್ಲೂ ಇಂಥ ವಿಭಾಗವಿದೆ. ಅತ್ತೆಯ ಬಲಪಾದ ಜೋತುಬಿದ್ದು ನೆಲಕ್ಕೆ ಎಡವುತ್ತಿತ್ತು. ಒಪಿಡಿಯಲ್ಲಿ ನೋಡಿ ಕಾಲಿಗೆ ಪ್ಲಾಸ್ಟಿಕ್ ಸ್ಪ್ಲಿಂಟ್ ಬರೆದುಕೊಟ್ಟರು. ಮೊಣಕಾಲಿನ ಕೆಳಗಿಂದ ಪಾದದವರೆಗೆ ಬರುತ್ತದೆ, ಚಪ್ಪಲಿಯೊಳಗೆ ಹಿಡಿಯಲ್ಲ, ಒಂದು ಸೈಜ್ ದೊಡ್ಡ ಶೂ ತಗೋಬೇಕು. ಹಾಕಿದ ಮೇಲೆ ಎಡವುವುದು ನಿಂತಿತು.

ಚಿಕಿತ್ಸೆಗೆ ಹೆಸರಿಡುವಂತಿಲ್ಲ. ತಲೆನೋವು ಅಲ್ಲಿಗೆ ತಲುಪುವುದು. ಟ್ರಾಫಿಕ್ ಬಿಡಿ, ಅದು ಎಲ್ಲರಿಗೂ ಇದ್ದದ್ದೇ. ನಮ್ಮನ್ನು ಸುಸ್ತು ಮಾಡಿದ್ದು ಕ್ಯಾಬಿನ ಡಿಕ್ಕಿ.

ಕ್ಯಾಬ್ ಬುಕ್ ಮಾಡಿ, ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೇಲೊಬ್ಬರು ಕೆಳಗೊಬ್ಬರು ಹಿಡಿದು ಮೆಟ್ಟಿಲು ಇಳಿಸಿ, ಗೇಟಿನ ಹತ್ತಿರ ತಂದರೆ ಡ್ರೈವರ್ ಡಿಕ್ಕಿ ತೆಗೆಯುತ್ತಾರೆ. ಒಳಗೆ ಸಿಎನ್‌ಜಿ ಸಿಲಿಂಡರ್ ಮಲಗಿರುತ್ತದೆ. ಮಡಚಿದ ವೀಲ್‌ಚೇರ್ ಹೇಗೆ ತಿರುಗಿಸಿದರೂ ಹಿಡಿಯೋಲ್ಲ. ಹಿಂದಿನ ಸೀಟಿಗೆ ಹಾಕೋಣ ಅಂದರೆ ಅಲ್ಲಿ ನಾವು ಇಬ್ಬರು. ದೊಡ್ಡ ಗಾಡಿ ಬುಕ್ ಮಾಡಿ ನೋಡಿದ್ದೂ ಆಯಿತು. ಎಷ್ಟೋ ಗಾಡಿಗಳಲ್ಲಿ ಅದೇ ಸಿಲಿಂಡರ್, ಬಾಡಿಗೆ ಮಾತ್ರ ಜಾಸ್ತಿ. ಮುಂಚೆಯೇ ಫೋನ್ ಮಾಡಿ ‘ಸಿಎನ್‌ಜಿ ಗಾಡಿನಾ ಅಣ್ಣ? ವೀಲ್‌ಚೇರ್ ಇದೆ’ ಅಂದರೆ ಮಾತು ಮುಗಿಯುವ ಮುಂಚೆ ಕ್ಯಾನ್ಸಲ್. ಹೇಳದಿದ್ದರೆ ಗೇಟಿನ ಮುಂದೆ ಜಗಳ. ಅಷ್ಟು ಹೊತ್ತೂ ಅತ್ತೆ ಬಿಸಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಬೀದಿಯವರೆಲ್ಲ ನೋಡ್ತಾರೆ ಅಂತ ಸೆರಗು ತಲೆಮೇಲೆ ಎಳೆದುಕೊಳ್ಳುತ್ತಿದ್ದರು.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಆಯಿತು. ಒಬ್ಬ ಡ್ರೈವರ್ ಪಾಪ, ಒಳ್ಳೆ ಮನುಷ್ಯ. ಸಹಾಯ ಮಾಡೋಣ ಅಂತ ಅತ್ತೆಯ ಬಲಗೈ ಹಿಡಿದು ಒಳಗೆ ಎಳೆದರು. ಲಕ್ವ ಹೊಡೆದ ಕಡೆಯ ಭುಜದಲ್ಲಿ ಸ್ನಾಯು ಸಡಿಲವಾಗಿರುತ್ತದೆ, ಕೀಲು ಜಾರಿಕೊಂಡಿರುತ್ತದೆ. ಆ ಕೈ ಎಳೆಯಬಾರದು. ಕಂಕುಳಲ್ಲಿ ಕೈ ಹಾಕಿ ಎತ್ತಲೂಬಾರದು. ಆಮೇಲೆ ತಿಂಗಳುಗಟ್ಟಲೆ ಭುಜ ನೋವು. ನೋವಿದ್ದ ಕೈಗೆ ಎಕ್ಸರ್‌ಸೈಜ್ ಮಾಡಿಸೋದು ಹೇಗೆ? ಕೈ ಅಭ್ಯಾಸ ಅಷ್ಟು ಕಾಲ ಹಿಂದೆ ಬಿತ್ತು. ಸೊಂಟಕ್ಕೆ ಕಟ್ಟುವ ಅಗಲವಾದ ಬೆಲ್ಟ್ ಬರುತ್ತದೆ, ಹಿಡಿದು ಎಬ್ಬಿಸಲು ಅದೇ ಸರಿ. ಕಾರಿಗೆ ಹತ್ತಿಸುವಾಗ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ತಳ್ಳಿ. ಮೊದಲು ಬೆನ್ನು ತಿರುಗಿಸಿ ಕೂರಿಸಿ, ತಲೆ ಬಗ್ಗಿಸಿ, ಕೊನೆಗೆ ಕಾಲು ಒಳಗಿಡಿ.

ಕೊನೆಗೆ ನಮಗೆ ದಾರಿ ತೋರಿಸಿದ್ದು ನಮ್ಮ ಬೀದಿಯ ಆಟೋ ಅಣ್ಣ. ‘ವೀಲ್‌ಚೇರ್ ಯಾಕಮ್ಮ ಹೊತ್ಕೊಂಡು ಹೋಗ್ತೀರಾ, ಆಸ್ಪತ್ರೆಲೇ ಕೊಡ್ತಾರಲ್ಲ’ ಅಂದರು. ಈಗ ಅವರ ಆಟೋದಲ್ಲೇ ಹೋಗಿಬರುತ್ತೇವೆ. ಆದರೂ ದಿನಾ ಹೋಗಲು ಆಗುವ ಮಾತಲ್ಲ. ಹೋಗಿ ಬರುವಷ್ಟರಲ್ಲೇ ಅತ್ತೆಗೆ ಇದ್ದ ಶಕ್ತಿಯೆಲ್ಲ ಖರ್ಚಾಗುತ್ತದೆ, ಆ ದಿನ ಮತ್ತೇನೂ ಮಾಡೋಲ್ಲ. ನಾವೀಗ ಒಪಿಡಿಯನ್ನು ಆಗೊಮ್ಮೆ ಈಗೊಮ್ಮೆ ಹೋಗಿ ತೋರಿಸಿಕೊಂಡು ಬರಲು ಮಾತ್ರ ಇಟ್ಟುಕೊಂಡಿದ್ದೇವೆ.

ಎಣ್ಣೆ ಚಿಕಿತ್ಸೆಯ ಬಗ್ಗೆ ಎರಡು ಮಾತು ಸಾಕು. ಮಾಡಿಸಿದೆವು, ಅತ್ತೆಗೆ ಹಿತವಾಯಿತು, ನಿದ್ದೆ ಬಂತು. ಕೈಯಂತೂ ಏಳಲಿಲ್ಲ. ಸ್ಪರ್ಶ ಗೊತ್ತಾಗದ ಕಡೆ ಬಿಸಿ ಗಂಟು ಇಟ್ಟರೆ ಸುಟ್ಟರೂ ಅವರಿಗೆ ತಿಳಿಯೋಲ್ಲ, ಹುಷಾರು. ಪಾರಿವಾಳದ ರಕ್ತ ಹಚ್ಚಿ ಅಂದ ನೆಂಟರಿಗೆ ಕಾಫಿ ಕೊಟ್ಟು ಕಳಿಸಿದೆ.

ಈಗ ಮನೆ ಫಿಸಿಯೋ. ಇಲ್ಲೂ ಎರಡು ಜಾತಿ. ನಮಗೆ ಮೊದಲು ಏಜೆನ್ಸಿಯಿಂದ ಬಂದ ಹುಡುಗ ಕಾಲಿಗೆ ಕರೆಂಟ್ ಮೆಷಿನ್ ಹಚ್ಚಿ, ಸೋಫಾದಲ್ಲಿ ಕೂತು ಫೋನ್ ನೋಡುತ್ತಿದ್ದ. ಹೊತ್ತು ಮುಗಿದರೆ ವೈರ್ ಕಿತ್ತು ಹೊರಟ. ಅತ್ತೆ ಮಲಗಿದಲ್ಲೇ ಇರುತ್ತಿದ್ದರು. ಎರಡನೆಯವರು ಎಂಪಿಟಿ, ಅಂದರೆ ಫಿಸಿಯೋಥೆರಪಿಯಲ್ಲಿ ಮಾಸ್ಟರ್ಸ್ ಮಾಡಿದ ಹೆಣ್ಣುಮಗಳು, ಅದರಲ್ಲೂ ನ್ಯೂರೋ (ಮಿದುಳು, ನರದ ವಿಷಯ) ಓದಿದವರು. ಬಂದ ದಿನ ಅತ್ತೆಯನ್ನು ಮುಟ್ಟುವ ಮುಂಚೆ ಮನೆಯೆಲ್ಲ ಸುತ್ತಿದರು. ಮಂಚ ತಗ್ಗಿದೆ ಅಂತ ನಾಲ್ಕು ಕಾಲಿಗೂ ಮರದ ಕಟ್ಟೆ ಇಡಿಸಿದರು. ಎತ್ತರದಿಂದ ಏಳುವುದು ಸುಲಭ, ಶಕ್ತಿ ಬಂದ ಹಾಗೆ ಕಟ್ಟೆ ತೆಗೆದರಾಯಿತು. ಬಚ್ಚಲ ಬಾಗಿಲಿನ ಎಡಗಡೆ ಚೌಕಟ್ಟಿಗೆ ಒಂದು ಕಂಬಿ, ಹೊಸ್ತಿಲ ಎರಡೂ ಕಡೆ ಮರದ ಇಳಿಜಾರು ಹಲಗೆ. ಓನರ್ ಆಂಟಿ ಬಂದು ‘ಟೈಲ್ಸ್ ಒಡೆದರೆ ಅಡ್ವಾನ್ಸಲ್ಲಿ ಹಿಡ್ಕೋತೀನಿ’ ಅಂದರು. ಒಳಗಡೆಯ ಕಂಬಿಗಾಗಿ ಒಂದು ಟೈಲ್ ಬಿರುಕೂ ಬಿಟ್ಟಿತು. ಬಿಡಲಿ. ಅತ್ತೆ ಈಗ ಬಚ್ಚಲಿಗೆ ತಾವೇ ಹೋಗುತ್ತಾರೆ.

ಆಮೇಲೆ ನಮ್ಮ ಮೆಟ್ಟಿಲು. ಸೆಂಟರಿನಲ್ಲಿ ಮೆಟ್ಟಿಲು ಅಂತ ಇದ್ದದ್ದು ಮೂರು ಹಂತದ ಮರದ ಪೆಟ್ಟಿಗೆ. ಇವರು ನಮ್ಮ ಮನೆಯ ಮೆಟ್ಟಿಲಲ್ಲೇ ಅಭ್ಯಾಸ ಮಾಡಿಸಿದರು. ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಬಿದ್ದ ಕಾಲು ಮುಂದೆ. ಅವರು ಬಾಯಲ್ಲಿ ಹೇಳುತ್ತಾ ಹಿಂದೆ ಬೆಲ್ಟ್ ಹಿಡಿದಿರುತ್ತಾರೆ.

ಕೈಗೆ ಅವರು ಕೊಟ್ಟ ಕೆಲಸ ನೋಡಿ ನನಗೆ ನಗು ಬಂತು. ಅವರೆಕಾಯಿ ಕಾಲ. ನೆನೆಸಿದ ಅವರೆಕಾಳು ಹಿದುಕಲು ನಾನು ಕೂತಿದ್ದೆ. ಪಾತ್ರೆ ನನ್ನ ಕೈಯಿಂದ ತಗೊಂಡು ಅತ್ತೆಯ ಮುಂದೆ ಇಟ್ಟರು. ಗಟ್ಟಿ ಇರುವ ಎಡಗೈಗೆ ಅಡುಗೆಮನೆಯ ಬಿಸಿ ಹಿಡಿಯುವ ಗವುಸು ಹಾಕಿಬಿಟ್ಟರು, ಅದು ಅಡ್ಡ ಬರದಿರಲಿ ಅಂತ. ಚೆನ್ನಾಗಿರುವ ಕೈ ಕಟ್ಟಿ, ಬಿದ್ದ ಕೈಯಿಂದಲೇ ಕೆಲಸ ಮಾಡಿಸುವುದು ನಿಜಕ್ಕೂ ಇರುವ ಪದ್ಧತಿ. ಆದರೆ ಮಣಿಕಟ್ಟು, ಬೆರಳು ಒಂದಿಷ್ಟಾದರೂ ತಾವಾಗಿ ಬಿಚ್ಚಿಕೊಳ್ಳುವವರಿಗೆ ಮಾತ್ರ. ಅತ್ತೆಗೆ ಆಗ ಅಷ್ಟು ಬಂದಿತ್ತು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಸಿಗುತ್ತದೆ, ಜಾರುತ್ತದೆ, ಮತ್ತೆ ಹುಡುಕುತ್ತಾರೆ. ಒತ್ತಬೇಕು ಅಂದಾಗ ಬೆರಳಿನ ಬದಲು ಭುಜ ಮೇಲೆ ಬರುತ್ತದೆ, ಮುಖ ಗಂಟಾಗುತ್ತದೆ. ಒಂದು ಕಾಳು ಸಿಪ್ಪೆಯಿಂದ ಚಿಮ್ಮಿ ಟಿವಿ ಸ್ಟ್ಯಾಂಡಿನ ಕೆಳಗೆ ಹೋಯಿತು. ಅತ್ತೆ ನಕ್ಕರು. ರಬ್ಬರ್ ಬಾಲ್ ಕೊಟ್ಟಾಗ ಬೇಡ ಅಂತ ಮುಖ ತಿರುಗಿಸುತ್ತಿದ್ದವರು ಇವರೇ. ಆ ದಿನ ಹಿದುಕಿದ ಬೇಳೆ ಸಾರು ಆಗಲಿಲ್ಲ, ಇದ್ದ ಬೇಳೆ ಉಪ್ಪಿಟ್ಟಿಗೆ ಹಾಕಿದೆ.

ಹಾಗಾದರೆ ಮನೆಯವರೇ ಮಾಡಿಸಿದರೆ ಆಗಲ್ವಾ, ಫಿಸಿಯೋಗೆ ಸುಮ್ನೆ ಯಾಕೆ ದುಡ್ಡು ಅಂತ ನಮ್ಮ ಮಾವ ಕೇಳಿದರು. ಅಟೆಂಡ್ ಅನ್ನುವ ಪರೀಕ್ಷೆ ಇದಕ್ಕೆ ಹತ್ತಿರದ್ದನ್ನೇ ನೋಡಿದೆ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಕೆಲವರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ, ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೂ ಮಾಡಿಸಿದರು. 2017ರಲ್ಲಿ ಫಲಿತಾಂಶ ಬಂತು: ಆರು ತಿಂಗಳ ನಂತರ ನೋಡಿದರೆ, ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ನಾನು ಮಾಡಿಸಿದಾಗಲೂ ಅಷ್ಟೇ. ಅತ್ತೆ ಸೊಸೆಯ ಮಾತು ಕೇಳಬೇಕಲ್ಲ! ಅವರು ಸಾಕು ಅಂದರೆ ನಾನು ನಿಲ್ಲಿಸಿಬಿಡುತ್ತೇನೆ, ಫಿಸಿಯೋ ನಿಲ್ಲಿಸೋಲ್ಲ.

ಮಾತಿಗೆ ಮಾತ್ರ ಫಿಸಿಯೋ ಸಾಲದು, ಸ್ಪೀಚ್ ಥೆರಪಿಸ್ಟೇ ಬೇಕು. ನಾವು ವಿಡಿಯೋ ಕಾಲಿನಲ್ಲಿ ಮಾಡಿಸುತ್ತಿದ್ದೇವೆ, ಅದಕ್ಕೆ ಓಡಾಟ ಬೇಕಿಲ್ಲ. ಕನ್ನಡದಲ್ಲೇ ಮಾಡಿಸುವವರನ್ನು ಹುಡುಕಿ. ಲಿಂಗರಾಜಪುರದ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೇ ಇರುವುದು. ಮೈಸೂರು ಹತ್ತಿರವಾದವರಿಗೆ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ವಾಕ್ ಶ್ರವಣ ಸಂಸ್ಥೆ ಇದೆ. ಅತ್ತೆಗೆ ‘ನೀರು’ ಅನ್ನಲು ಬರೋಲ್ಲ, ಆದರೆ ಸೋಮವಾರ ಮಂಗಳವಾರ ಅಂತ ಶುರು ಮಾಡಿಕೊಟ್ಟರೆ ಭಾನುವಾರದವರೆಗೆ ಸರಾಗ. ಬಾಯಿಪಾಠ ಬಂದದ್ದು ಹಾಗೆ ಉಳಿದುಕೊಳ್ಳುತ್ತದಂತೆ. ಅದನ್ನೇ ಹಿಡಿದು ಮುಂದೆ ಹೋಗುತ್ತಿದ್ದಾರೆ.

ಲೆಕ್ಕ ಇಷ್ಟು. ಫಿಸಿಯೋಗೆ ಸಲಕ್ಕೆ 700 ರೂಪಾಯಿ. ಭಾನುವಾರ ಬಿಟ್ಟು ದಿನಾ ಬಂದರೆ ತಿಂಗಳಿಗೆ 18,000ದ ಆಸುಪಾಸು. ಸೆಂಟರಿನ ನಾಲ್ಕು ದಿನದ ಬಾಡಿಗೆಗಿಂತ ಕಡಿಮೆ. ಚೇತರಿಕೆ ಜೋರಾಗಿ ಕಾಣೋದು ಮೊದಲ ಮೂರು ತಿಂಗಳು. ಆಮೇಲೆ ನಿಧಾನ, ನಿಂತೇಹೋಗುವುದಿಲ್ಲ. ಅದಕ್ಕೇ ಬಹಳ ಕಾಲ ಕೊಡಲು ಆಗುವಂಥ ಖರ್ಚನ್ನೇ ನಾನು ಆರಿಸೋದು.

ರೋಗಿಗೆ ಕೂರಲೂ ಆಗದಿದ್ದರೆ, ಮೂಗಿನ ಟ್ಯೂಬಿನಲ್ಲಿ ಊಟ ಹೋಗುತ್ತಿದ್ದರೆ, ಮನೆಯಲ್ಲಿ ಹಗಲು ಯಾರೂ ಇರದಿದ್ದರೆ ಸೆಂಟರಿಗೇ ಸೇರಿಸಿ. ಸೇರಿಸುವ ದಿನವೇ ಬಚ್ಚಲು, ಮೆಟ್ಟಿಲು, ಮಂಚದ ಫೋಟೋ ತೋರಿಸಿ, ಇದಕ್ಕೆ ತಯಾರು ಮಾಡಿಸಿ ಅಂತ ಕೇಳಿ. ಆಸ್ಪತ್ರೆಯ ಪಕ್ಕದಲ್ಲೇ ಮನೆ, ಅದೂ ಗ್ರೌಂಡ್ ಫ್ಲೋರ್ ಆದರೆ ಒಪಿಡಿ ಸಾಕು. ಉಳಿದವರು ನ್ಯೂರೋ ಓದಿದ ಫಿಸಿಯೋ ಹುಡುಕಿ, ದುಡ್ಡು ವಾರ ವಾರ ಕೊಡಿ. ತಿಂಗಳ ಪ್ಯಾಕೇಜ್ ಮುಂಗಡ ಕಟ್ಟಲು ಒಪ್ಪಬೇಡಿ. ಆ ಕರೆಂಟ್ ಮೆಷಿನ್ ಹುಡುಗ ಅಷ್ಟು ದಿನ ನಮ್ಮ ಸೋಫಾದಲ್ಲಿ ಕೂತಿದ್ದು ಏಜೆನ್ಸಿಯವರು ದುಡ್ಡು ವಾಪಸ್ ಇಲ್ಲ ಅಂದಿದ್ದಕ್ಕೇ.